ಒಂದು ತೊಲದ ಗುಂಡು, ಹದಿನಾಲ್ಕನೆಯ ವಾರ

ಆ ಶುಕ್ರವಾರ ಬೆಳಿಗ್ಗೆ ಬಹರೈನಿನ ದಕ್ಷಿಣದ ಮರಳಿನಲ್ಲಿ ನಾವು ಮೂವರಿದ್ದೆವು. ಕೋವಿಯ ಹಿಂದೆ ಚಾಪೆ ಹಾಸಿ ಬೋರಲು ಮಲಗಿದ್ದ ಅರ್ಬಾಬ್, ಅಂದರೆ ನನ್ನ ಯಜಮಾನರು. ಅವರ ಪಕ್ಕದಲ್ಲಿ ದುರ್ಬೀನು, ನೋಟ್‌ಬುಕ್ಕು ಹಿಡಿದು ಮಂಡಿಯೂರಿದ್ದ ನಾನು. ಕಿವಿಗೆ ಹತ್ತಿ ತುರುಕಿಕೊಂಡು, ಅದು ಸಾಲದೆಂದು ಮೇಲಿನಿಂದ ಮುಂಡಾಸು ಬಿಗಿದು, ವ್ಯಾನಿನ ನೆರಳಲ್ಲಿ ಕುಳಿತಿದ್ದ ಡ್ರೈವರ್ ಕಾಕ. ಇನ್ನೂರು ಮೀಟರ್ ಆಚೆ ಮಣ್ಣಿನ ದಿಬ್ಬಕ್ಕೆ ಒರಗಿಸಿಟ್ಟ ಟೊಮೇಟೊ ಪೆಟ್ಟಿಗೆಯನ್ನೂ ಹಾಜರಿದ್ದವರಲ್ಲಿ ಸೇರಿಸಬೇಕು, ಏಕೆಂದರೆ ಅಂದು ಪೆಟ್ಟು ತಿಂದದ್ದು ಅದೇ. ಅದರ ತುಂಬ ರಾತ್ರಿಯಿಡೀ ನೀರಲ್ಲಿ ನೆನೆಸಿದ ಹಳೆಯ ಇಂಗ್ಲಿಷ್ ಪೇಪರುಗಳು. ಪೇಪರುಗಳ ಹಿಂದೆ, ಪೆಟ್ಟಿಗೆಯ ಕೊನೆಯಲ್ಲಿ, ಜಿಂಜ್ ಬಡಾವಣೆಯ ಅಕ್ಕ ಮೂವತ್ತೆರಡು ವಾರ ಕಾಪಾಡಿಕೊಂಡು ಬಂದಿದ್ದ ಒಂದು ಕಟ್ಟು. ಅದು ಅಲ್ಲಿರುವುದು ನಮ್ಮ ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಕ್ಕ ಒಡಹುಟ್ಟಿದವರಲ್ಲ, ಉಡುಪಿ ಕಡೆಯವರು ಎಂಬಷ್ಟರಿಂದಲೇ ಅಕ್ಕ ಆದವರು. ಅವರ ಗಂಡ, ನಮ್ಮ ಭಾವ, ಮನಾಮಾದ ಚಿನ್ನದ ಅಂಗಡಿಯೊಂದರಲ್ಲಿ ಮ್ಯಾನೇಜರ್. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಸೆಗಯಾದ ಒಂದು ಫ್ಲಾಟಿನಲ್ಲಿ ಇನ್ನೂ ನಾಲ್ವರ ಜೊತೆ ಒಂದೇ ಬಚ್ಚಲು ಹಂಚಿಕೊಂಡು ಬದುಕುತ್ತಿದ್ದೆ. ಶುಕ್ರವಾರದ ಊಟ ಮಾತ್ರ ಜಿಂಜ್‌ನಲ್ಲಿ, ಅಕ್ಕನ ಮನೆಯಲ್ಲಿ. ವಾರದ ಉಳಿದ ಆರು ದಿನ ನಾನು ಆ ಸಾರಿನ ಪರಿಮಳವನ್ನು ನೆನೆಸಿಕೊಂಡೇ ಕುಬ್ಬೂಸ್ ರೊಟ್ಟಿ ಹರಿಯುತ್ತಿದ್ದೆ.

ಅಕ್ಕನ ಮನೆಗೆ ಊರಿನಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಒಂದು ಧಾರಾವಾಹಿ. ಗಂಡ ಸತ್ತ ಹಿರಿಸೊಸೆಯೊಬ್ಬಳು ಜಾಗದ ಪಾಲಿಗಾಗಿ ಮೈದುನನ ಮೇಲೆ ಕೋರ್ಟಿಗೆ ಹೋಗುವ ಕಥೆ. ಮೊದಲು ಅಕ್ಕ ಓದುವುದು, ಆಮೇಲೆ ಕಾಕ ತನ್ನ ವ್ಯಾನಿನಲ್ಲಿ ಅದನ್ನು ಐದಾರು ಮನೆಗೆ ಸುತ್ತಿಸುವುದು, ಕೊನೆಗೆ ಪತ್ರಿಕೆ ಅಕ್ಕನ ಬಳಿಗೇ ವಾಪಸ್. ಕಾಕ ಮಂಗಳೂರಿನ ಬ್ಯಾರಿ, ಐದನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಸಾಗಿಸುವವನ ಹಕ್ಕೆಂದು ಸಿಗ್ನಲ್ಲಿನಲ್ಲಿ ನಿಂತಾಗ ಓದುತ್ತಿದ್ದರು. ಕೆಂಪು ಬೇಗ ಹಸಿರಾಯಿತೆಂದು ಅವರು ಬೈಯುವುದನ್ನು ನಾನೇ ಕೇಳಿದ್ದೇನೆ.

ಅಕ್ಕ ಪತ್ರಿಕೆಯಿಂದ ಧಾರಾವಾಹಿಯ ಪುಟಗಳನ್ನು ಕತ್ತರಿಸಿ ಜೋಡಿಸಿ ಇಡುತ್ತಿದ್ದುದು ಅವರ ಅಮ್ಮನಿಗಾಗಿ. ಊರಲ್ಲಿ ಅಮ್ಮನಿಗೆ ಒಂದಾದ ಮೇಲೊಂದರಂತೆ ಎರಡೂ ಕಣ್ಣಿನ ಆಪರೇಷನ್ ಆಗಿ, ಏಳೆಂಟು ತಿಂಗಳು ಓದಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅಷ್ಟರಲ್ಲಿ ಮನೆಯ ಪತ್ರಿಕೆಗಳೆಲ್ಲ ಅಂಗಡಿಗೆ ಹೋಗಿ ಕಡಲೆಯ ಪೊಟ್ಟಣಗಳಾಗಿದ್ದವು. ಅಮ್ಮ ಫೋನಿನಲ್ಲಿ ಮಗಳಿಗೆ ಹೇಳಿದ್ದು ಎರಡೇ ಮಾತು. "ನಂಗೆ ಯಾರೂ ಕತೆ ಹೇಳುದು ಬೇಡ. ನೀನು ಬರುವಾಗ ಮೊದಲಿಂದ ಕಡೇ ತನಕ ತಾ, ನಾನೇ ಓದ್ತೇನೆ." ಜೂನಿನಲ್ಲಿ ಮಕ್ಕಳ ಶಾಲೆಗೆ ರಜೆ ಬಿದ್ದ ಕೂಡಲೇ ಅಕ್ಕ ಊರಿಗೆ ಹೊರಡುವವರು. ಟಿಕೆಟ್ಟಿಗಿಂತ ಮೊದಲು ತಯಾರಾದದ್ದು ಆ ಕಟ್ಟು.

ಇನ್ನು ನನ್ನ ಕೆಲಸದ ವಿಷಯ. ಅರ್ಬಾಬರದು ಮೀನಿನ ಗಾಳ, ಬಲೆ, ಡೇರೆ, ಬೇಟೆಯ ಸಾಮಾನಿನ ಅಂಗಡಿ. ಮೀನಾ ಸಲ್ಮಾನ್ ಬಂದರಿನಲ್ಲಿ ಗೋದಾಮು. ನಾನು ಗೋದಾಮಿನ ಸ್ಟೋರ್‌ಕೀಪರ್. ಅಲ್ಲಿಗೆ ಸೇರುವ ಮೊದಲು ನನ್ನ ಕೈಯಿಂದ ಸತ್ತ ದೊಡ್ಡ ಪ್ರಾಣಿಯೆಂದರೆ ಜಿರಲೆ. ಅರ್ಬಾಬ್ ಮಾತ್ರ ಪ್ರತಿ ಅಕ್ಟೋಬರಿನಲ್ಲಿ ತಮ್ಮ ಹೆಂಡತಿಯ ತಮ್ಮನ ಜೊತೆ ಎಲ್ಲೋ ದೂರದ ಹಿಮದ ಬೆಟ್ಟಗಳಿಗೆ ಹೋಗಿ, ಪರವಾನಗಿ ಪಡೆದು ಕಾಡಾಡು ಹೊಡೆಯುತ್ತಿದ್ದರು. ಹೊಡೆಯುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ಹಿಂದಿನ ಎರಡು ವರ್ಷವೂ ಹೊಡೆದದ್ದು ಆ ಭಾವಮೈದುನ. ಅರ್ಬಾಬ್ ಫೋಟೋ ತೆಗೆದಿದ್ದರು. ಆಡು ನಿಲ್ಲುವುದು ಕಣಿವೆಯ ಆ ಕಡೆ, ಬೇಟೆಗಾರ ಮಲಗುವುದು ಈ ಕಡೆ, ನಡುವೆ ಗಾಳಿ. ತಪ್ಪು ತನ್ನದಲ್ಲ, ಗುಂಡಿನದು ಎಂದು ಅವರು ತೀರ್ಮಾನಿಸಿದ್ದರು.

ಅವರ ಬಳಿ ಮೂರು ರೈಫಲ್‌ಗಳಿದ್ದವು: ಟೂ-ಸೆವೆಂಟಿ, ಥರ್ಟಿ-ನಾಟ್-ಸಿಕ್ಸ್, ಸೆವೆನ್ ಮಿಲಿಮೀಟರ್ ಮ್ಯಾಗ್ನಮ್. ಒಂದೊಂದಕ್ಕೂ ಮೂರು ಮೂರು ತರಹದ ತೋಟಾ ತರಿಸಿ, ಒಟ್ಟು ಒಂಬತ್ತು ಪೆಟ್ಟಿಗೆ ನನ್ನ ಮೇಜಿನ ಮೇಲೆ ಇಟ್ಟು, "ನೀನು ಓದಿದವನು, ಇಂಗ್ಲಿಷ್ ಗೊತ್ತು. ಓದಿ ಹೇಳು, ಯಾವುದು ದೂರಕ್ಕೆ ಸರಿ?" ಎಂದರು, ತಮ್ಮ ಹರಕು ಹಿಂದಿಯಲ್ಲಿ.

ನಾನು ಕ್ಯಾಟಲಾಗುಗಳನ್ನು ಪರೀಕ್ಷೆಗೆ ಓದುವವನಂತೆ ಓದಿದೆ. ಒಂದೇ ಕೋವಿಗೆ ಹಗುರದ ಗುಂಡೂ ಉಂಟು, ಭಾರದ್ದೂ ಉಂಟು. ಹಗುರದ್ದು ಹೊರಡುವಾಗ ಜೋರು, ಆದರೆ ದಾರಿಯಲ್ಲಿ ಗಾಳಿ ಅದನ್ನು ಹೆಚ್ಚು ತಳ್ಳುತ್ತದೆ. ಭಾರದ್ದು ನಿಧಾನ, ಗಾಳಿಗೆ ಅಷ್ಟು ಬಗ್ಗುವುದಿಲ್ಲ, ಆದರೆ ಬೇಗ ಕೆಳಗಿಳಿಯುತ್ತದೆ. ಕೆಲವು ಗುಂಡುಗಳ ಮೂತಿಯಲ್ಲಿ ಮೆತ್ತಗಿನ ಸೀಸ. ತಾಗಿದ ಕೂಡಲೇ ಹೂವಿನಂತೆ ಅರಳಿ ಒಳಗೇ ನಿಲ್ಲುತ್ತವೆ, ಪ್ರಾಣಿ ನರಳದೆ ಬೀಳುತ್ತದೆ. ಗಟ್ಟಿ ಮೂತಿಯವು ಅರಳದೆ ಹಾದುಹೋಗುತ್ತವೆ. ಕೆಲವಕ್ಕೆ ಹಿಂಭಾಗ ಸಪೂರ. ಅದರ ಚಿತ್ರ ತೋರಿಸಿದಾಗ ಕಾಕ, "ಇದೆಂತ ದೊಡ್ಡ ವಿಷಯ, ನಮ್ಮ ದೋಣಿಯೂ ಹಾಗೇ ಅಲ್ವಾ? ಹಿಂದೆ ನೀರು ಎಳೀಬಾರದು ಅಂತ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ನಾನು ಎರಡು ದಿನ ತೆಗೆದುಕೊಂಡಿದ್ದೆ.

ತೂಕ ಮಾತ್ರ ನನಗೆ ತಲೆಗೆ ಹತ್ತಲಿಲ್ಲ. ಎಲ್ಲವೂ ಗ್ರೇನ್ ಲೆಕ್ಕ. ನೂರಮೂವತ್ತು ಗ್ರೇನ್, ನೂರರವತ್ತು ಗ್ರೇನ್, ನೂರೆಂಬತ್ತು ಗ್ರೇನ್. ಒಂದು ಶುಕ್ರವಾರ ಊಟದ ಹೊತ್ತಿಗೆ ಭಾವನನ್ನು ಕೇಳಿದೆ. ಅವರು ತುತ್ತು ಬಾಯಿಗಿಡುವ ಮೊದಲೇ ಹೇಳಿದರು, "ನೂರೆಂಬತ್ತು ಗ್ರೇನ್ ಅಂದ್ರೆ ಸರಿಯಾಗಿ ಒಂದು ತೊಲ ಮಾರಾಯ. ಒಂದು ಕೂದಲೂ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಒಂದು ತೊಲವಾ? ಒಂದು ಆಡಿಗೆ?" ಅಕ್ಕ ಅನ್ನದ ಸಟ್ಟುಗ ಹಿಡಿದು ನಿಂತರು. "ನನ್ನ ಬೆಂಡೋಲೆಗೆ ಅಷ್ಟು ಹಾಕ್ಲಿಕ್ಕೆ ನಿಮ್ಮ ಭಾವ ಎಂಟು ವರ್ಷ ಆಲೋಚನೆ ಮಾಡಿದ್ದಾರೆ."

"ಅದು ಸೀಸ ಮಾರಾಯ್ತಿ."

"ಸೀಸವಾದ್ರೂ ಕೊಟ್ರಾ?"

ಮರುದಿನ ನಾನು ಅರ್ಬಾಬರಿಗೆ ತೊಲದ ವಿಷಯ ಹೇಳಿದೆ. ಗಲ್ಫಿನ ಜನಕ್ಕೆ ತೊಲ ಹೊಸತಲ್ಲ. ಹತ್ತು ತೊಲದ ಚಿನ್ನದ ಗಟ್ಟಿಗಳನ್ನು ಅವರ ಅಪ್ಪನ ಕಾಲದಿಂದ ನೋಡಿದವರು. ಅವರ ಮುಖ ಅರಳಿತು. ಥರ್ಟಿ-ನಾಟ್-ಸಿಕ್ಸ್‌ನ ನೂರೆಂಬತ್ತು ಗ್ರೇನಿನ ಮೆತ್ತಗಿನ ಮೂತಿಯ ಗುಂಡಿಗೆ ಅಂದಿನಿಂದ 'ತೊಲ' ಎಂದೇ ಹೆಸರು.

ಮೂರು ಶುಕ್ರವಾರ ನಾವು ಪರವಾನಗಿ ಇದ್ದವರಿಗಷ್ಟೇ ತೆರೆಯುವ ಆ ಶೂಟಿಂಗ್ ಮೈದಾನಕ್ಕೆ ಹೋಗಿ ಮುನ್ನೂರು ಮೀಟರಿನಲ್ಲಿ ಪರೀಕ್ಷೆ ಮಾಡಿದೆವು. ಒಂದೊಂದು ತರಹಕ್ಕೂ ಕಾಗದದ ಗುರಿಗೆ ಮೂರು ಈಡು. ಮೂರು ತೂತುಗಳು ಎಷ್ಟು ಹತ್ತಿರ ಬೀಳುತ್ತವೋ ಅಷ್ಟು ಒಳ್ಳೆಯ ಗುಂಡು. ಕೋವಿಗೂ ಗುಂಡಿಗೂ ಜಾತಕ ಕೂಡಬೇಕೆಂದು ಅಲ್ಲಿ ಗೊತ್ತಾಯಿತು. ಒಂದು ಕೋವಿಗೆ ಅಚ್ಚುಮೆಚ್ಚಾದ ತೂಕ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಉತ್ತರದಿಂದ ಶಮಾಲ್ ಗಾಳಿ ಬೀಸಿದಾಗ ಟೂ-ಸೆವೆಂಟಿಯ ಹಗುರದ ಗುಂಡು ಒಂದು ಗೇಣು ಆಚೆ ಸರಿಯುತ್ತಿತ್ತು. ತೊಲದ ಮೂರು ತೂತುಗಳನ್ನು ಮಾತ್ರ ಚಹಾದ ಲೋಟ ಕವುಚಿದರೆ ಮುಚ್ಚಬಹುದಿತ್ತು. ನಾನು ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡೆ. ಅರ್ಬಾಬ್ ಅದನ್ನು ಇಣುಕಿ ನೋಡಿ, ಗುಂಡು ಗುಂಡಾಗಿರುವ ಈ ಲಿಪಿಯೇ ಈ ಕೆಲಸಕ್ಕೆ ಸರಿಯೆಂದರು.

ಉಳಿದದ್ದು ಕೊನೆಯ ಪರೀಕ್ಷೆ. ಒಂದೊಂದು ಕೋವಿಗೆ ಆರಿಸಿದ ಒಂದೊಂದು ಗುಂಡು ಒಳಹೊಕ್ಕ ಮೇಲೆ ಏನಾಗುತ್ತದೆ ಎಂದು ನೋಡಬೇಕು. ಒದ್ದೆ ಪೇಪರಿನ ಅಡಕಲು ಮಾಂಸದ ಹಾಗೆ ಗುಂಡನ್ನು ತಡೆಯುತ್ತದಂತೆ. ಹಳೇ ಪೇಪರ್ ಬೇಕೆಂದು ನಾನು ಪರಿಚಯದ ಮನೆಗಳಿಗೆಲ್ಲ ಹೇಳಿದೆ. ಕಾಕ ತಂದು ಹಾಕಿದರು. ಎಲ್ಲ ಕಟ್ಟುಗಳಿಗೂ ಅಂಗಡಿಯ ಅದೇ ಹಸಿರು ನೈಲಾನ್ ಹಗ್ಗ.

ಪರೀಕ್ಷೆಯ ಹಿಂದಿನ ದಿನ, ಗುರುವಾರ, ಅಕ್ಕ ತಮ್ಮ ಧಾರಾವಾಹಿಯ ಕಟ್ಟನ್ನೂ ಕಾಕನ ಕೈಗೆ ಕೊಟ್ಟಿದ್ದರು. ಸೆಗಯಾದ ಬೈಂಡರನ ಹತ್ತಿರ ಹೊಲಿಸಿ ರಟ್ಟು ಹಾಕಿಸಲಿಕ್ಕೆ. ಧೂಳಾಗಬಾರದೆಂದು ಅದನ್ನು ಇಂಗ್ಲಿಷ್ ಪೇಪರಿನಲ್ಲಿ ನೀಟಾಗಿ ಸುತ್ತಿದ್ದರು. ಕಾಕ ಅಭ್ಯಾಸಬಲದಿಂದ ಅದನ್ನೂ ಅದೇ ಹಸಿರು ಹಗ್ಗದಲ್ಲಿ ಬಿಗಿದಿದ್ದರು. ಸಂಜೆ ನಾನು ವ್ಯಾನಿನಿಂದ ಕಟ್ಟುಗಳನ್ನೆಲ್ಲ ಇಳಿಸಿ, ಮೀನಿನ ಐಸ್‌ಬಾಕ್ಸಿಗೆ ನೀರು ತುಂಬಿಸಿ, ಒಂದೊಂದನ್ನೇ ಮುಳುಗಿಸಿದೆ. ಚಿಕ್ಕ ಕಟ್ಟೊಂದು ಮೇಲೆ ಮೇಲೆ ತೇಲುತ್ತಿತ್ತು. ಮುಳುಗಲೊಲ್ಲದು. ಅದರ ಮೇಲೆ ಒಂದು ಕಲ್ಲು ಹೇರಿದೆ.

ಅರ್ಬಾಬ್ ಮೂರು ಈಡು ಹೊಡೆದರು. ನಾವು ಪೆಟ್ಟಿಗೆಯ ಬಳಿಗೆ ನಡೆದೆವು. ಕಾಕ ಒದ್ದೆ ಹಾಳೆಗಳನ್ನು ಪತ್ರೊಡೆಯ ಎಲೆ ಬಿಡಿಸುವಂತೆ ಒಂದೊಂದಾಗಿ ಬಿಡಿಸಿದರು. ಟೂ-ಸೆವೆಂಟಿಯ ಗುಂಡು ಅರ್ಧಕ್ಕೂ ಮೊದಲೇ ಚೂರುಚೂರಾಗಿತ್ತು. ಮ್ಯಾಗ್ನಮ್ಮಿನ ಗಟ್ಟಿ ಮೂತಿಯದು ಪೆನ್ಸಿಲ್ ತೂರಿಸಿದಂಥ ತೂತು ಮಾಡಿ, ಪೆಟ್ಟಿಗೆ ದಾಟಿ, ದಿಬ್ಬದೊಳಗೆ ಹೋಗಿತ್ತು. ತೊಲದ ದಾರಿ ಹಿಡಿದು ಕಾಕ ಇನ್ನೂ ಹಿಂದಕ್ಕೆ ಹೋದರು. ಹೋಗುತ್ತಾ ಹೋಗುತ್ತಾ ಅವರ ಕೈ ನಿಂತಿತು.

"ಮಾರಾಯ, ಇಲ್ಲಿ ಬಾ."

"ಎಂತ ಕಾಕ?"

"ಇದು ಯಾವ ಭಾಷೆ ಹೇಳು ನೋಡುವಾ."

ನೋಡಿದೆ. ಹಿರಿಸೊಸೆಯ ಮದುವೆಯ ಚಿತ್ರ, ಮೊದಲನೆಯ ವಾರ. ಮದುಮಗನ ಮುಖವಿದ್ದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು.

"ಹೇಗೂ ಸಾಯುವವನೇ ಅಲ್ವಾ ಅವ," ಕಾಕ ಸಣ್ಣ ಸ್ವರದಲ್ಲಿ ಸಮಾಧಾನ ಹೇಳಿದರು.

ಎರಡನೆಯ ವಾರ, ಮೂರನೆಯ ವಾರ, ಎಲ್ಲದರಲ್ಲೂ ಅದೇ ಹೆಬ್ಬೆರಳಿನ ತೂತು, ಪಕ್ಕದಲ್ಲಿ ಪೆನ್ಸಿಲಿನ ತೂತು. ಹದಿನಾಲ್ಕನೆಯ ವಾರದ ಮಡಿಲಲ್ಲಿ ತೊಲದ ಗುಂಡು, ಐದು ಎಸಳು ಅರಳಿಸಿಕೊಂಡು ಆರಾಮಾಗಿ ಕುಳಿತಿತ್ತು. ಪೆನ್ಸಿಲಿನ ತೂತು ಮಾತ್ರ ಮೂವತ್ತೆರಡೂ ವಾರ ದಾಟಿ 'ಮುಗಿಯಿತು' ಎಂಬ ಅಕ್ಷರಗಳ ಪಕ್ಕದಲ್ಲೇ ಹೊರಬಿದ್ದಿತ್ತು.

"ಕ್ಯಾ ಹುವಾ?" ಅರ್ಬಾಬ್ ಕೇಳಿದರು.

"ಪೇಪರ್ ಬಹುತ್ ಅಚ್ಛಾ ಭೀಗಾ ಹೈ," ಎಂದೆ. ಪೇಪರ್ ಬಹಳ ಚೆನ್ನಾಗಿ ನೆಂದಿದೆ. ಸುಳ್ಳಲ್ಲ.

ಅರ್ಬಾಬ್ ಗುಂಡನ್ನು ತೊಳೆಯದೆಯೇ ನನ್ನ ಕೈಗೆ ಹಾಕಿ, ಇದರಲ್ಲಿ ಎಷ್ಟು ತೂಕ ಉಳಿದಿದೆ ಎಂದು ಚಿನ್ನದ ತಕ್ಕಡಿಯಲ್ಲಿ ತೂಗಿಸಿ ಇವತ್ತೇ ಹೇಳಬೇಕೆಂದರು. ಹೆಚ್ಚು ತೂಕ ಉಳಿಸಿಕೊಂಡ ಗುಂಡೇ ಒಳ್ಳೆಯ ಗುಂಡು.

ದಾರಿಯಲ್ಲಿ ಕಾಕ ಮತ್ತು ನಾನು ಒಪ್ಪಂದ ಮಾಡಿಕೊಂಡೆವು. ಅಕ್ಕನಿಗೆ ಈಗ ಹೇಳುವುದಿಲ್ಲ. ಕಟ್ಟನ್ನು ತಾರಸಿಯಲ್ಲಿ ಒಣಗಿಸಿ, ಏನು ಉಳಿದಿದೆ ನೋಡಿಕೊಂಡು, ಆಮೇಲೆ. "ಊಟಕ್ಕಾದ್ರೂ ಮುಖ ಸರಿ ಇಟ್ಕೋ," ಎಂದರು ಕಾಕ. "ನಿನ್ನ ಮುಖ ನೋಡಿದ್ರೆ ಆಡು ಸತ್ತ ಹಾಗೆ ಉಂಟು."

ಭಾವನ ಮನೆಯಲ್ಲಿ ಒಂದು ಚಿಕ್ಕ ತಕ್ಕಡಿ ಇತ್ತು. ಊಟಕ್ಕೆ ಮೊದಲೇ ಅವರು ಗುಂಡನ್ನು ಇಕ್ಕುಳದಲ್ಲಿ ಹಿಡಿದು ತಟ್ಟೆಗೆ ಹಾಕಿದರು.

"ಹೋಗುವಾಗ ಒಂದು ತೊಲ ಅಲ್ವಾ? ಈಗ ಮುಕ್ಕಾಲು. ಕಾಲು ತೊಲ ಯಾರು ತಿಂದದ್ದು? ನಮ್ಮ ಆಚಾರಿ ಹೀಗೆ ತೂಕ ಹೊಡೆದ್ರೆ ನಾಳೆ ಊರಿಗೆ ಕಳಿಸ್ತೇನೆ." ಭೂತಗನ್ನಡಿ ಕಣ್ಣಿಗೇರಿಸಿ ಎಸಳುಗಳ ಒಳಗೆ ನೋಡಿದರು. "ಕಸ ಉಂಟು. ಅದನ್ನು ತೆಗೀದೆ ತೂಗುದು ನಮ್ಮ ಕ್ರಮ ಅಲ್ಲ."

ಇಕ್ಕುಳದಿಂದ ಎಸಳಿನ ಬುಡದ ಕಸವನ್ನು ಮೆಲ್ಲನೆ ಎಳೆದರು. ಉಗುರಿನಗಲದ ಒಂದು ಕಾಗದದ ಚೂರು. ಬಿಡಿಸಿ ಮೇಜಿನ ಮೇಲಿಟ್ಟು ಓದಿದರು: "'ವಕೀಲರು ಅವಳ ಕಡೆ'... ಇದೆಂತ, ಗುಂಡಿನೊಳಗೆ ಕನ್ನಡ?"

ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದರು. ಬಗ್ಗಿ ಓದಿದರು. "'ವಕೀಲರು ಅವಳ ಕಡೆ ತಿರುಗಿ ನಕ್ಕರು.' ಕೋರ್ಟಿನ ವಾರ. ಹದಿನಾಲ್ಕನೇದ್ದು." ಮೊದಲು ನನ್ನನ್ನು ನೋಡಿದರು, ಆಮೇಲೆ ಕಾಕನನ್ನು. "ಕಾಕ, ಬೈಂಡರ್ ಎಂತ ಹೇಳಿದ?"

ಕಾಕ ಎದ್ದು ನಿಂತರು. "ಅಕ್ಕಾ, ಅವ ಹೊಲೀಲಿಕ್ಕೆ ಮೊದಲೇ ನಾವು ತೂತು ಮಾಡಿ ಕೊಟ್ಟಿದ್ದೇವೆ."

ಅಕ್ಕ ಕುರ್ಚಿಯಲ್ಲಿ ಕುಳಿತು, "ಅಮ್ಮ ದಿವಸ ಎಣಿಸ್ತಾ ಇದ್ದಾರೆ. ಫೋನ್ ಮಾಡಿದ್ರೆ ನನ್ನ ಮಕ್ಕಳನ್ನು ಕೇಳುದಿಲ್ಲ, ಕಟ್ಟು ಎಲ್ಲಿಟ್ಟಿದ್ದಿ ಅಂತ ಕೇಳುದು," ಎಂದರು. ಅಷ್ಟೇ. ಅಂದು ಬಡಿಸಿದ್ದನ್ನು ನಾನು ತಿಂದೆ. ಏನಿತ್ತೆಂದು ನೆನಪಿಲ್ಲ.

ಊಟದ ಮೇಲೆ ಕಟ್ಟನ್ನು ವ್ಯಾನಿನಿಂದ ತಂದೆವು. ಮೇ ತಿಂಗಳ ಬಿಸಿಲು ಅರ್ಧ ಗಂಟೆಯಲ್ಲಿ ಪುಟಗಳನ್ನು ಹಪ್ಪಳ ಮಾಡಿತು. ತಾರಸಿಯ ತುಂಬ ಹಿರಿಸೊಸೆ, ಪುಟಕ್ಕೊಂದು ಕಲ್ಲು. ಮುಂದಿನ ಮೂರು ವಾರ, ಅಂಗಡಿ ಮುಚ್ಚಿದ ಮೇಲೆ ಸಂಜೆ ಸಂಜೆ, ನಾವು ನಾಲ್ವರು ಅಕ್ಕನ ಊಟದ ಮೇಜಿನ ಸುತ್ತ ಕುಳಿತು ತೂತು ಮುಚ್ಚಿದೆವು. ಭಾವ ಇಕ್ಕುಳದಿಂದ ತೂತಿನ ಹಿಂದೆ ತೆಳು ಕಾಗದ ಅಂಟಿಸುವುದು, ಅಕ್ಕ ಹೋದ ಪದಗಳನ್ನು ನೆನಪಿನಿಂದ ಹೇಳುವುದು, ನಾನು ಅಚ್ಚಿನ ಅಕ್ಷರದಷ್ಟೇ ಸಣ್ಣದಾಗಿ ಬರೆಯುವುದು. ಅಕ್ಕನಿಗೆ ನೆನಪಾಗದಲ್ಲಿ ನಾನು ಊಹಿಸಬೇಕು. ಅಜ್ಜಿಯ ಮಡಿಲಲ್ಲಿ ಕೂತು ಮಾತು ಕಲಿತವನಿಗೆ ಅದು ಕಷ್ಟವಾಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಏನೋ ಅಂದಳು ಎಂದಿದ್ದರೆ ಏನಂದಿರಬಹುದೆಂದು ನನಗೆ ಗೊತ್ತು. ನಮ್ಮ ಅಜ್ಜಿ ಅದನ್ನೇ ಅನ್ನುತ್ತಿದ್ದರು. ಅರ್ಬಾಬರಿಗೂ ವಿಷಯ ಗೊತ್ತಾಗಿತ್ತು. ಬೆಳಿಗ್ಗೆ ಗೋದಾಮಿಗೆ ಬಂದವರೇ, ಸರಕಿನ ಲೆಕ್ಕ ಕೇಳುವ ಮೊದಲು, "ಆ ಹೆಂಗಸಿನ ಕೇಸು ಎಲ್ಲಿಗೆ ಬಂತು?" ಎನ್ನುತ್ತಿದ್ದರು.

ಹದಿನಾಲ್ಕನೆಯ ವಾರಕ್ಕೆ ಬಂದಾಗ ನಿಂತೆವು. ಮೈದುನನ ಕಡೆಯ ವಕೀಲರು ನಕ್ಕು ಕೇಳುತ್ತಾರೆ, "ಆ ಜಾಗದಲ್ಲಿ ನಿನ್ನದು ಅಂತ ಏನಿದೆ?" ಅವಳ ಉತ್ತರ ಇದ್ದಲ್ಲಿ ಗುಂಡು ಮಲಗಿತ್ತು. ಎರಡು ಬೆರಳಗಲ ಪುಟವೇ ಇಲ್ಲ. ಹದಿನೈದನೆಯ ವಾರದಲ್ಲಿ ಅವಳಾಗಲೇ ಮನೆಗೆ ಬಂದು ಒಲೆ ಹೊತ್ತಿಸುತ್ತಿದ್ದಾಳೆ.

"ಜೋರಾಗಿ ಎಂತದೋ ಹೇಳಿದ್ದಳು. ನಂಗೆ ಮೈ ಜುಂ ಅಂದದ್ದು ನೆನಪುಂಟು," ಎಂದರು ಅಕ್ಕ.

"ಇಲ್ಲ ಅಕ್ಕ, ಏನೂ ಹೇಳಿಲ್ಲ. ಸುಮ್ಮನೆ ಮೈದುನನ ಮುಖ ನೋಡಿದ್ದು. ನಾನು ಜುಫೇರ್ ಸಿಗ್ನಲ್ಲಿನಲ್ಲಿ ಓದಿದ್ದು, ಹಿಂದಿನಿಂದ ಹಾರನ್ ಹೊಡೆದದ್ದೂ ನೆನಪುಂಟು," ಎಂದರು ಕಾಕ.

ಒಂದು ಸಾಲೂ ಓದದ ಭಾವ, "ಅತ್ತಿದ್ದಾಳೆ, ಅಷ್ಟೇ. ಅವರೆಲ್ಲ ಅಳುದೇ," ಎಂದು ಅಕ್ಕನಿಂದ ಬೈಸಿಕೊಂಡರು.

ಎರಡು ಸಂಜೆ ಜಗಳವಾಯಿತು. ಮೂರನೆಯ ಸಂಜೆ ಅಕ್ಕ ಪೆನ್ನನ್ನು ನನ್ನ ಮುಂದೆ ಸರಿಸಿ, "ಗುಂಡು ತಂದವ ನೀನು. ನೀನೇ ಬರೆ," ಎಂದರು. ನಾನು ಅಜ್ಜಿಯ ದನಿಯನ್ನು ನೆನೆಸಿಕೊಂಡು ಬರೆದೆ: "ಆ ಬಾವಿಗೆ ಕಲ್ಲು ಹೊತ್ತವಳು ನಾನು ಸ್ವಾಮಿ. ನೀರು ಯಾರದ್ದೆಂದು ನೀವೇ ಹೇಳಿ." ಅಕ್ಕ ಓದಿ, ಇದೇ ಇದ್ದದ್ದು, ನಂಗೀಗ ನೆನಪಾಯ್ತು ಎಂದರು. ಕಾಕ ಒಪ್ಪಲಿಲ್ಲ.

ಜೂನಿನಲ್ಲಿ ಕಟ್ಟು, ರಟ್ಟು ಹೊದ್ದು, ಅಕ್ಕನ ಕೈಚೀಲದಲ್ಲಿ ಊರಿಗೆ ಹೋಯಿತು. ಅಕ್ಟೋಬರಿನಲ್ಲಿ ಅರ್ಬಾಬ್ ತೊಲದ ಪೆಟ್ಟಿಗೆ ಹಿಡಿದು ಬೆಟ್ಟಕ್ಕೆ ಹೋದರು. ಈ ಸಲ ಫೋಟೋದಲ್ಲಿ ಅವರಿದ್ದರು, ಆಡಿತ್ತು. ತೆಗೆದವನು ಅವರ ಭಾವಮೈದುನನೇ ಇರಬೇಕು, ಫೋಟೋ ಸ್ವಲ್ಪ ಅಲುಗಿತ್ತು.

ಮರುವರ್ಷ ಫೆಬ್ರವರಿಯಲ್ಲಿ ಅಕ್ಕನ ಅಮ್ಮ ವಿಸಿಟ್ ವೀಸಾದಲ್ಲಿ ಬಂದರು. ಕರೆದುಕೊಂಡು ಬರಲು ವಿಮಾನ ನಿಲ್ದಾಣಕ್ಕೆ ಅಕ್ಕನ ಜೊತೆ ಕಾಕನೂ ನಾನೂ ಹೋಗಿದ್ದೆವು. ದಪ್ಪ ಕನ್ನಡಕದ ಹಿಂದಿನಿಂದ ಅವರು ನನ್ನನ್ನು ನೋಡಿ, "ತೂತಿನ ಅಕ್ಷರ ನಿನ್ನದಾ?" ಎಂದರು. ಹೌದೆಂದೆ. ವ್ಯಾನಿನಲ್ಲಿ ಕುಳಿತ ಮೇಲೆ ಪರ್ಸಿನಿಂದ ಮಡಚಿದ ಒಂದು ಹಾಳೆ ತೆಗೆದರು. ತೂತಿಲ್ಲದ ಹದಿನಾಲ್ಕನೆಯ ವಾರ. ಊರಿನ ಅಂಗಡಿಯಲ್ಲಿ ಸಾಸಿವೆ ಕಟ್ಟಿಕೊಟ್ಟ ಕಾಗದವಂತೆ.

ಕಾಕ ವ್ಯಾನು ಚಾಲೂ ಮಾಡಲೇ ಇಲ್ಲ. ಹಾಳೆ ಇಸಿದುಕೊಂಡು ಸ್ಟಿಯರಿಂಗಿನ ಮೇಲೆ ಹರಡಿ ಜೋರಾಗಿ ಓದಿದರು. ವಕೀಲರು ನಕ್ಕು ಪ್ರಶ್ನೆ ಕೇಳುತ್ತಾರೆ. ಅವಳು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಜಡ್ಜರು ಗಡಿಯಾರ ನೋಡಿ ವಿಚಾರಣೆಯನ್ನು ಮುಂದಕ್ಕೆ ಹಾಕಿ ಎದ್ದುಹೋಗುತ್ತಾರೆ.

ಅಮ್ಮ ಕೈ ಚಾಚಿ ಹಾಳೆಯನ್ನು ವಾಪಸ್ ತೆಗೆದುಕೊಂಡರು, ನಾಲ್ಕಾಗಿ ಮಡಚಿದರು, ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಅದರೊಳಗೆ ಉಗಿದು ಪೊಟ್ಟಣ ಕಟ್ಟಿದರು. "ಪುಸ್ತಕದಲ್ಲಿ ನಿನ್ನದೇ ಇರ್ಲಿ," ಎಂದರು ನನಗೆ. ಆಮೇಲೆ ಕಾಕನ ಕಡೆ ತಿರುಗಿ, ಇನ್ನು ಹೊರಡಬಹುದು ಎಂದರು.